ದಾಳಕ್ಕೆ ಹುಟ್ಟಿದ ಗುಡ್ಡ

ನನ್ನ ಮಾವನವರು ಹುಟ್ಟಿದ್ದು ದಾಳದಿಂದ. ಅಳಿಯನ ಹೊಟ್ಟೆಕಿಚ್ಚಿನಿಂದ ಆಡುವ ಮಾತಲ್ಲ ಇದು. ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಇನಾಸಪ್ಪನ ಬೇಕರಿಯ ಒಳಕೋಣೆಯಲ್ಲಿ, ಹಿಟ್ಟು ನಾದುವ ಹಳೆಯ ಮೇಜಿನ ಮೇಲೆ, ಒಂದು ಭಾನುವಾರ ಮಧ್ಯಾಹ್ನ ದರ್ಜಿ ಮುದ್ದುವೀರಪ್ಪನವರು ದಾಳ ಉರುಳಿಸಿದರು. ಬಲಕ್ಕೆ ಆರು ಬಿತ್ತು, ಬುದ್ಧಿಗೆ ಒಂದು ಬಿತ್ತು. "ಹಾಗಿದ್ರೆ ಇವನು ದರೋಡೆಕೋರ," ಎಂದರು. ಹೆಸರೇನು ಎಂದು ಕೇಳಿದಾಗ ಅವರ ಕೈಯಲ್ಲಿ ಕೋಡುಬಳೆ ಇತ್ತು. ಹೀಗೆ ಕೋಡಪ್ಪ ಎಂಬ ಮಹಾನುಭಾವರು ಹೊಳೆಯಾಚೆಯ ಗುಡ್ಡದ ಮೇಲೆ ಮೀಸೆ ಸಮೇತ ಅವತರಿಸಿದರು. ಬುದ್ಧಿಗೆ ಒಂದೇ ಬಿದ್ದಿದ್ದರಿಂದ ಅವರು ಜೀವಮಾನದಲ್ಲಿ ದೋಚಿದ್ದು ಒಂದೇ ಗಾಡಿ. ಅದೂ ಅವರದ್ದೇ ಗಾಡಿಯಾಗಿತ್ತು. ಮುಂದೆ ಅವರಿಗೊಬ್ಬ ಮಗಳಿರಲಿ ಎನಿಸಿದ ಹೊತ್ತಿಗೆ ಮೇಜಿಗೆ ಏಲಕ್ಕಿ ಚಹಾ ಬಂದಿತ್ತು. ಆ ಏಲಕ್ಕಿಯೇ ನನ್ನ ಹೆಂಡತಿ. ಮಗಳಿದ್ದ ಮೇಲೆ ತಾಯಿಯೂ ಇರಬೇಕಲ್ಲ ಎಂಬುದು ಮದುವೆಯೇ ಆಗದ ಮುದ್ದುವೀರಪ್ಪನವರಿಗೆ ಹೊಳೆಯಲಿಲ್ಲ. ಹಾಗಾಗಿ ನನಗೆ ಅತ್ತೆಯಿಲ್ಲ, ಏಲಕ್ಕಿಗೆ ಅಪ್ಪನೇ ಎಲ್ಲ.

ಈ ಆಟಕ್ಕೆ ನಮ್ಮಲ್ಲಿ ಹೇಳಾಟ ಎನ್ನುತ್ತಾರೆ. ಮೇಜಿನ ಸುತ್ತ ಕೂರಬೇಕು. ಒಬ್ಬರು ಜಾಗ ಹೇಳುತ್ತಾರೆ, ಸಂದರ್ಭ ಹೇಳುತ್ತಾರೆ. ಉಳಿದವರು ತಲಾ ಒಂದೊಂದು ಪಾತ್ರವಾಗಿ, ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಮೇಜಿನಲ್ಲಿ ಜಾಗ ಹೇಳುತ್ತಿದ್ದವರು ಡ್ರಾಯಿಂಗ್ ಟೀಚರ್ ಶಾಕಾಂಬರಿಯವರು. ಮೊದಲ ಭಾನುವಾರ ಅವರು ಬಾಯಿಬಿಟ್ಟದ್ದೇ "ಹೊಳೆ ಆಚೆ ಒಂದು ಗುಡ್ಡ ಇದೆ" ಎಂದು. ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯಲು ಹೊಳೆಗೆ ಹೋದವರು ತಲೆಯೆತ್ತಿ ನೋಡಿದರೆ, ಹಿಂದಿನ ದಿನದವರೆಗೆ ಬರೀ ಆಕಾಶವಿದ್ದ ಕಡೆ ಗುಡ್ಡ. ಈಗಷ್ಟೇ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ, ಮೈಮೇಲೆ ನೀರಿನ ಹನಿ ಆರದೆ, ಹೊಳೆಯುತ್ತಿತ್ತಂತೆ. ಒಂದು ವಾರ ಊರು ಉಸಿರು ಬಿಗಿಹಿಡಿದು ನೋಡಿತು. ಎರಡನೇ ವಾರ ಯಾರೋ ಅಲ್ಲಿಗೆ ಆಡು ಹೊಡೆದುಕೊಂಡು ಹೋದರು. ಆಮೇಲೆ ಪುರಸಭೆಯವರು ಅಲ್ಲಿಗೆ ನಲ್ಲಿ ಹಾಕಿಸಿದರು; ನೀರು ಇನ್ನೂ ಬಂದಿಲ್ಲ.

ನೆತ್ತಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಆಟದಲ್ಲಿ ನಮ್ಮವರು ನೆತ್ತಿ ಹತ್ತಲು ಹೊರಟಾಗಲೆಲ್ಲ ದಾಳ ಕೈಕೊಡುತ್ತಿತ್ತು. ಹಾಗಾಗಿ ಗುಡ್ಡದ ಆಚೆ ಏನಿದೆ ಎಂದು ಯಾರೂ ಹೇಳಿರಲಿಲ್ಲ, ಹೇಳದ್ದು ಇರಲೂ ಇಲ್ಲ. ಮೇಲಿನ ತಿರುವಿನ ನಂತರ ದಾರಿ ಬೆಳ್ಳಗಾಗಿಬಿಡುತ್ತಿತ್ತು. ಮಂಜಿನ ಬಿಳಿಯಲ್ಲ, ಹೊಗೆಯ ಬಿಳಿಯಲ್ಲ. ಯಾರೂ ಇನ್ನೂ ಬರೆಯದ ಹಾಳೆಯ ಬಿಳಿ. ಆಡುಗಳು ಅಲ್ಲಿಯವರೆಗೆ ಹೋಗಿ, ಮೂಸಿ, ವಾಪಸು ಬರುತ್ತಿದ್ದವು.

ಹೇಳಾಟದ ಕಟ್ಟಳೆ ಒಂದೇ. ಒಬ್ಬರು ಹೇಳಿದ್ದು ನಿಲ್ಲಬೇಕಾದರೆ ಅವರ ಕುರ್ಚಿಯಲ್ಲಿ ಯಾರಾದರೂ ಕೂತು ಹೇಳುತ್ತಲೇ ಇರಬೇಕು. ಹಿಂದೊಮ್ಮೆ ಪೋಸ್ಟ್‌ಮಾಸ್ಟರ್ ತಿಮ್ಮರಸಯ್ಯನವರು ವರ್ಗವಾಗಿ ಹೋದಾಗ ಗುಡ್ಡದ ಬುಡದಲ್ಲಿ ಅವರು ಹೇಳಿದ್ದ ಕೆರೆ ಹೋಯಿತು. ಎಮ್ಮೆಗಳು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಿದ್ದವು. ತುಸು ಹೊತ್ತಿಗೆ ಹುಲ್ಲಿನ ಮೇಲೆ ನಿಂತಿದ್ದವು. ಅವು ಒಂದು ಸಲ ಸುತ್ತ ನೋಡಿ ಮೇಯತೊಡಗಿದವು. ಊರಿನವರೂ ಹೆಚ್ಚುಕಡಿಮೆ ಹಾಗೆಯೇ ಮಾಡಿದರು.

ಆದರೆ ಈ ಸಲ ಹೋದವರು ಮುದ್ದುವೀರಪ್ಪನವರು, ಅದೂ ತೀರಿಕೊಂಡು. ಮಣ್ಣು ಮಾಡಿ ಬಂದ ಕೆಲವೇ ದಿನಕ್ಕೆ ಏಲಕ್ಕಿ ತವರಿಗೆ ಹೋಗಿ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದಳು, "ಅಪ್ಪನ ಮೀಸೆ ತೆಳ್ಳಗಾಗಿದೆ ರೀ."

"ವಯಸ್ಸಾಯ್ತಲ್ಲ."

"ವಯಸ್ಸಾದ್ರೆ ಬೆಳ್ಳಗಾಗುತ್ತೆ. ಇದು ತೆಳ್ಳಗಾಗಿದೆ. ಮೀಸೆ ಹಿಂದೆ ಗೋಡೆ ಕಾಣ್ತಿತ್ತು."

ಅಷ್ಟು ಹೇಳಿ ಅಡುಗೆಮನೆಗೆ ಹೋದಳು. ನೀರು ಕುಡಿಯಲು ನಾನು ಹಿಂದೆಯೇ ಹೋದಾಗ ಅವಳು ಕಿಟಕಿಯ ಬಿಸಿಲಿಗೆ ತನ್ನ ಅಂಗೈಯನ್ನು ಎತ್ತಿ ಹಿಡಿದು ನೋಡುತ್ತಿದ್ದಳು. ನಾನು ನೀರು ಕುಡಿಯದೆ ವಾಪಸು ಬಂದೆ.

ನನ್ನ ಹೆಸರು ಗಿರಿಧರ. ಬೆಟ್ಟವನ್ನೇ ಬೆರಳಲ್ಲಿ ಎತ್ತಬೇಕಾದ ಹೆಸರು. ಗ್ಯಾಸ್ ಸಿಲಿಂಡರ್ ಎತ್ತುವುದಕ್ಕೂ ಪಕ್ಕದ ಮನೆಯವರನ್ನು ಕರೆಯುತ್ತೇನೆ ಎಂದು ಏಲಕ್ಕಿ ಆಡಿಕೊಳ್ಳುತ್ತಾಳೆ. ಬಿ.ಎ. ಮಾಡಿ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತವನು ನಾನು. ಯಾವ ಬಸ್ಸು ಬಂತು, ಯಾವುದು ತಡ ಎಂದು ಹೇಳುವುದು ಕೆಲಸ; ಕಂಡಕ್ಟರುಗಳ, ಕಂಟ್ರೋಲರ್ ಸಾಹೇಬರ, ಕೆಟ್ಟುನಿಂತ ಬಸ್ಸಿನ ದನಿ ತೆಗೆದು ನಗಿಸುವುದು ಹವ್ಯಾಸ. ಐವತ್ತು ದಾಟಿದ ನಾನೇ ಆ ಮೇಜಿನ ಕೂಸು. ಟೀಚರ್, ಬೇಕರಿ ಇನಾಸಪ್ಪ, ಛತ್ರಿ ರಿಪೇರಿಯ ದಸ್ತಗೀರ್ ಸಾಬರು, ಎಲ್ಲರೂ ನನಗಿಂತ ಹಿರಿಯರು. ಖಾಲಿಯಾದ ಕುರ್ಚಿಗೆ ಎಳೆಯರು ಯಾರಾದರೂ ಬರಲೇಬೇಕಿತ್ತು.

ಇನಾಸಪ್ಪ ಗಾಜಿನ ಕಪಾಟಿನ ಮೇಲೆ, ದಿಲ್‌ಪಸಂದ್ ಪಕ್ಕಕ್ಕೆ, "ಹೇಳಾಟಕ್ಕೆ ಹೊಸಬರು ಬೇಕಾಗಿದ್ದಾರೆ" ಎಂದು ಬರೆದು ಅಂಟಿಸಿದ. ಒಬ್ಬ ಹುಡುಗ ಬಂದು ಸರ್ಟಿಫಿಕೇಟ್ ಕೊಡುತ್ತೀರಾ ಎಂದು ಕೇಳಿದ. ಇನ್ನೊಬ್ಬ, "ಗೆದ್ರೆ ಏನು ಸಿಗುತ್ತೆ?" ಎಂದ.

"ಇದರಲ್ಲಿ ಗೆಲ್ಲೋದು ಅಂತ ಇಲ್ಲಪ್ಪ," ಎಂದರು ಸಾಬರು.

"ಸೋತ್ರೆ?"

"ಗುಡ್ಡ ಹೋಗುತ್ತೆ."

ಹುಡುಗ ಸ್ವಲ್ಪ ಯೋಚಿಸಿ, ಒಂದು ಖಾರಾ ಬನ್ ಕೊಂಡು ಹೋದ. "ಈಗಿನ ಮಕ್ಕಳಿಗೆ ಕೂತು ಕೇಳೋ ತಾಳ್ಮೆ ಎಲ್ಲಿದೆ, ಎಲ್ಲಾ ಮೊಬೈಲಿಗೆ ಹೋಯ್ತು," ಎಂದು ನಾವು ಬಹಳ ಹೊತ್ತು ಮಾತಾಡಿಕೊಂಡೆವು. ಆಡುವುದಕ್ಕಿಂತ ಹೆಚ್ಚು ಹೊತ್ತು ಇದನ್ನೇ ಮಾತಾಡಿದೆವು.

ಮೂರನೆಯದಾಗಿ ಬಂದವಳು ನನ್ನ ಮಗಳು ದವನ. ಪಿಯುಸಿ ಎರಡನೇ ವರ್ಷ; ಅವಳಮ್ಮನ ಒತ್ತಾಯಕ್ಕೆ ಬಂದಿದ್ದಳು. ಅಜ್ಜನ ಮೀಸೆಯ ವಿಷಯ ಅವಳಿಗೂ ಗೊತ್ತಿತ್ತು. ಕೂತವಳೇ ಟೀಚರನ್ನು ಕೇಳಿದಳು, "ಗುಡ್ಡದ ಆಚೆ ಏನಿದೆ?"

"ನಾವು ಅಲ್ಲಿಗೆ ಇನ್ನೂ ಹೋಗಿಲ್ಲಮ್ಮ," ಎಂದರು ಟೀಚರ್.

"ನಲವತ್ತು ವರ್ಷದಿಂದ?"

"ದಾಳ ಬಿದ್ದಿಲ್ಲ."

"ಸುಮ್ನೆ ಹೇಳಿಬಿಡೋಣ. ಆಚೆ ಕಡೆ..."

"ಹಾಗೆಲ್ಲ ಬಾಯಿಗೆ ಬಂದದ್ದು ಹೇಳೋ ಹಾಗಿಲ್ಲ ಪುಟ್ಟಿ," ಎಂದರು ಸಾಬರು. "ಮೊದಲು ಬುಡದಲ್ಲಿ ಒಂದು ವರ್ಷ ಆಡು ಮೇಯಿಸಬೇಕು. ಆಮೇಲೆ ದಾಳಕ್ಕೆ ಆರು ಬಿದ್ರೆ ಅರ್ಧ ಗುಡ್ಡ. ನಿಮ್ಮಪ್ಪನೂ ಹಾಗೇ ಬಂದದ್ದು." ನಾನು ಹೌದೆಂದು ತಲೆಯಾಡಿಸಿದೆ. ನನ್ನ ಪಾತ್ರ ಆಡು ಮೇಯಿಸಿದ್ದು ಒಂದು ವರ್ಷವಲ್ಲ, ಮೂರು. ದವನ ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿ, "ಸರಿ," ಎಂದು ಎದ್ದು, ಇನಾಸಪ್ಪ ಕೊಟ್ಟ ಬನ್ನನ್ನು ಕಚ್ಚುತ್ತ ಹೊರಟುಹೋದಳು. ಅದಾದ ಮೇಲೆ ಭಾನುವಾರ ಮಧ್ಯಾಹ್ನ ಅವಳಿಗೆ ಗೆಳತಿಯ ಮನೆಯ ತಾರಸಿಯಲ್ಲಿ ರಿವಿಷನ್ ಶುರುವಾಯಿತು.

"ಕುರ್ಚಿಗೇನು ಕಣ್ಣಿದೆಯಾ," ಎಂದು ದಸ್ತಗೀರ್ ಸಾಬರು ಮುಂದಿನ ವಾರ ನನ್ನ ಕಡೆ ನೋಡಿದರು. "ಗಿರಿ, ನೀನು ಮುದ್ದುವೀರಪ್ಪನ ಹಾಗೆ ಮಾತಾಡ್ತೀಯಲ್ಲ."

"ಅದು ತಮಾಷೆಗೆ ಸಾಬ್ರೇ."

"ತಮಾಷೆಗೇ ಹುಟ್ಟಿದ ಗುಡ್ಡ ಅಲ್ವೇನಯ್ಯ ಅದು."

ಎಲ್ಲರೂ ಒಪ್ಪಿದರು. ತೀರಿಹೋದ ದರ್ಜಿಯ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಾನು ಆ ಕುರ್ಚಿಯಲ್ಲಿ ಕೂತೆ. ಮುದ್ದುವೀರಪ್ಪನವರದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಪಳಗಿದ ದನಿ. ತುಟಿಯ ಒಂದು ಮೂಲೆಯಿಂದಷ್ಟೇ ಮಾತು ನುಸುಳಿ ಬರಬೇಕು. ನಾನು ಆ ಮೂಲೆ ತೆರೆದು, "ಕೋಡಪ್ಪ ಮೀಸೆ ತಿರುವಿಕೊಂಡು ಅಂಗಳಕ್ಕೆ ಬಂದ," ಎಂದೆ. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಇನಾಸಪ್ಪ ಶಿಲುಬೆಯ ಗುರುತು ಮಾಡಿಕೊಂಡ. ನನಗೇ ರೋಮಾಂಚನವಾಯಿತು: ನನ್ನ ಬಾಯಿಂದ, ನಾನಲ್ಲದ ಒಬ್ಬ ಮನುಷ್ಯ, ಮಣ್ಣಿನಿಂದೆದ್ದು ಬಂದು ಕೂತ ಹಾಗೆ. ಮಾರನೆಯ ದಿನ ಏಲಕ್ಕಿ ಗುಡ್ಡದಿಂದ ಓಡೋಡಿ ಬಂದಳು. ಮೀಸೆ ಮರಳಿ ಬಂದಿತ್ತು. ಹಿಂದೆ ಗೋಡೆಯಿರಲಿ, ಮೂಗೂ ಕಾಣದಷ್ಟು ದಟ್ಟವಾಗಿ.

ಕೆಲವು ವಾರ ನಾನು ಊರಿನಲ್ಲಿ ಎದೆಯುಬ್ಬಿಸಿ ಓಡಾಡಿದೆ. ನಿಜಕ್ಕೂ ಗಿರಿಧರನಾಗಿದ್ದೆ. ಎಡವಟ್ಟು ಗೊತ್ತಾಗಿದ್ದು ಆಮೇಲೆ. ಟೀಚರ್ "ಕೋಡಪ್ಪ ಈಗ ಏನು ಮಾಡ್ತಾನೆ?" ಎಂದು ಕೇಳಿದಾಗ, ಮುದ್ದುವೀರಪ್ಪನವರ ದನಿ ಹಿಡಿದರೆ ಅವರು ಎಂದೋ ಆಡಿದ ಮಾತೇ ಬರುತ್ತಿತ್ತು, ಹೊಸದೇನಾದರೂ ಹೇಳಲು ಹೋದರೆ ದನಿ ಜಾರಿ ನನ್ನದಾಗುತ್ತಿತ್ತು. ಗುಡ್ಡದ ಮೇಲೆ ಮಾವನವರು, "ಬನ್ನಿ ಅಳಿಯಂದ್ರೇ, ದಾರೀಲಿ ಕಳ್ಳರು ಕಾಟ ಕೊಡಲಿಲ್ಲ ತಾನೆ?" ಎಂದು ಕೇಳಿ ಗಹಗಹಿಸುತ್ತಿದ್ದರು. ಅಂಗಳದಲ್ಲಿ ಒಂದು ಕೆಂಪು ಕೋಳಿ ಎಡದಿಂದ ಬಲಕ್ಕೆ ಹೋಗುತ್ತಿತ್ತು. ಮುಂದಿನ ವಾರ ಹೋದರೂ ಅದೇ ಪ್ರಶ್ನೆ, ಅದೇ ನಗು, ನಗು ಮುಗಿಯುತ್ತಲೇ ಎಡದಿಂದ ಬಲಕ್ಕೆ ಅದೇ ಕೋಳಿ.

ಒಂದು ಸಂಜೆ ವಾಪಸು ಬರುವಾಗ ಏಲಕ್ಕಿ ಹೊಳೆಯ ಕಲ್ಲಿನ ಮೇಲೆ ಕೂತುಬಿಟ್ಟಳು. "ಅಪ್ಪ ನನ್ನ ಬೈದು ಎಷ್ಟು ಕಾಲ ಆಯ್ತು ಗೊತ್ತಾ?"

"ಈಗಷ್ಟೇ ಬೈದರಲ್ಲ."

"ಅದು ಹಳೇ ಬೈಗುಳ. ನಾನು ಲಂಗ ಹಾಕೋ ಕಾಲದಲ್ಲಿ ಕೋಳಿ ಬುಟ್ಟಿ ಮುಚ್ಚಲಿಲ್ಲ ಅಂತ ಬೈದದ್ದು. ಈಗ ಎಲ್ಲಿದೆ ಬುಟ್ಟಿ?" ಅವಳು ಕಾಲನ್ನು ನೀರಿಗೆ ಇಳಿಬಿಟ್ಟಳು. "ಬಿಟ್ಬಿಡಿ ರೀ. ಅದು ನಮ್ಮಪ್ಪ ಅಲ್ಲ. ನಮ್ಮಪ್ಪನ ಮಿಮಿಕ್ರಿ."

"ಬಿಟ್ರೆ ಅವರು ಹೋಗ್ತಾರೆ ಏಲಕ್ಕಿ."

"ಹೋಗ್ಲಿ. ಮುಖ ನೋಡಿ ಕಳಿಸಿಕೊಡ್ತೀನಿ."

"ನೀನು?"

ಅವಳು ನೀರಿನಲ್ಲಿ ಕಾಲಾಡಿಸಿದಳು. ನೀರಿನೊಳಗೆ ಅವಳ ಪಾದ ಕಾಣುತ್ತಿತ್ತು, ಪಾದದೊಳಗೆ ಹೊಳೆಯ ಬೆಣಚುಕಲ್ಲು ಕಾಣುತ್ತಿತ್ತು. ನೀರಿನ ಆಟವಿರಬೇಕು ಎಂದುಕೊಂಡೆ. ಹಾಗೆಂದುಕೊಳ್ಳದೆ ನನಗೆ ಅಲ್ಲಿಂದ ಏಳಲು ಆಗುತ್ತಿರಲಿಲ್ಲ.

ಅಪ್ಪ ಹೋದರೆ ಏಲಕ್ಕಿ ಉಳಿಯುತ್ತಾಳಾ ಎಂದು ಟೀಚರನ್ನು ಕೇಳಿದೆ. "ಗೊತ್ತಿಲ್ಲ ಗಿರಿ. ಹೊಳೆ ಈಚೆ ಅನ್ನ ಉಂಡಿದ್ದಾಳೆ, ಈಚೆ ಮಗು ಹೆತ್ತಿದ್ದಾಳೆ. ನಿಲ್ಲಬಹುದು," ಎಂದರು. ಆ "ಬಹುದು"ವನ್ನೇ ತಲೆದಿಂಬು ಮಾಡಿಕೊಂಡು ನಾನು ಆ ವಾರ ಮಲಗಿದೆ. ಅದು ತುಂಬ ಗಟ್ಟಿಯಾದ ದಿಂಬು.

ಆ ದಿನಗಳಲ್ಲಿ ಊರಿನಲ್ಲಿ ಬೇರೆ ತಾಪತ್ರಯಗಳೂ ಇದ್ದವು. ಬಿರುಬಿಸಿಲಿಗೆ ಹಾಕಿದ ಹಪ್ಪಳ ಒಣಗುತ್ತಿರಲಿಲ್ಲ. ಸೈಕಲ್ಲಿನ ಚೈನು ಎರಡೇ ದಿನಕ್ಕೆ ತುಕ್ಕು ಹಿಡಿಯುತ್ತಿತ್ತು. ಬಸ್ ಸ್ಟ್ಯಾಂಡಿನ ಚಾವಣಿಯ ಮೇಲೆ ಯಾರಿಗೂ ಹೆಸರು ತಿಳಿಯದ ಬಿಳಿ ಹಕ್ಕಿಗಳು ಸಾಲಾಗಿ ಕೂತು ನಾನು ಬಸ್ಸಿನ ಹೆಸರು ಹೇಳಿದಾಗಲೆಲ್ಲ ಕಿರುಚುತ್ತಿದ್ದವು. ಜನ ಎಲ್ಲದಕ್ಕೂ ಪುರಸಭೆಯನ್ನು ಬೈದು ಸುಮ್ಮನಾದರು. ಮನೆಯಲ್ಲಿ ದವನ ಊಟದ ನಡುವೆ ಇದ್ದಕ್ಕಿದ್ದಂತೆ, "ಅಪ್ಪಾ, ನೀನು ಬಸ್ಸು ಲೇಟಾದ್ರೆ ಯಾವಾಗಲೂ 'ಸಹಕರಿಸಿ' ಅಂತ ಯಾಕೆ ಅಂತೀಯ? ಜನ ಬೇರೇನು ಮಾಡೋಕಾಗುತ್ತೆ?" ಎಂದು ಕೇಳಿದಳು. ಪರೀಕ್ಷೆ ಹತ್ತಿರ ಬಂತು, ಓದಿಕೋ ಎಂದೆ.

ಏಲಕ್ಕಿ ಹೇಳಿದಂತೆ ಮಾವನವರನ್ನು ಕಳಿಸಿಕೊಡಲೆಂದು ಆ ಭಾನುವಾರ ನಾವು ಆಟಕ್ಕೆ ಕೂರಲಿಲ್ಲ. ಇನಾಸಪ್ಪ ಮೇಜಿನ ಮೇಲೆ ಬಟ್ಟೆ ಮುಚ್ಚಿದ. ದವನಳನ್ನೂ ಕರೆದೆ, ಇವತ್ತು ರಿವಿಷನ್ ತಪ್ಪಿಸಲೇ ಆಗದು ಎಂದಳು. ಅಜ್ಜನಿಗಿಂತ ರಿವಿಷನ್ ಹೆಚ್ಚಾಯಿತಾ ಎಂದು ರೇಗಿದೆ, ಅವಳು ತುಟಿ ಕಚ್ಚಿಕೊಂಡು ತಾರಸಿಗೆ ಓಡಿದಳು. ನಾವು ಉಳಿದವರು ಹೊಳೆ ದಾಟಿ ಗುಡ್ಡ ಹತ್ತಿದೆವು. ಸಾಬರು ಛತ್ರಿಯನ್ನು ಊರುಗೋಲು ಮಾಡಿಕೊಂಡಿದ್ದರು. ಇನಾಸಪ್ಪನ ಕೈಯಲ್ಲಿ, ಕೊನೆಯ ಸಲವೆಂದು ಮಾಡಿದ ಒಂದು ಪೊಟ್ಟಣ ಕೋಡುಬಳೆಯಿತ್ತು. ಏಲಕ್ಕಿ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಬೆನ್ನಿಗೆ ಬಿಸಿಲಿತ್ತು, ನಾನು ನೆಲ ನೋಡುತ್ತಿರಲಿಲ್ಲ, ಅವಳ ನೆರಳು ಎಷ್ಟು ತೆಳ್ಳಗಿದೆ ಎಂದು ಕಂಡುಬಿಟ್ಟರೆ ಎಂದು.

ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಕೋಳಿ ಇರಲಿಲ್ಲ. ಮಾವನವರ ಚಪ್ಪಲಿ ಇರಲಿಲ್ಲ. ಏಲಕ್ಕಿ ಹೊಸ್ತಿಲ ಮುಂದೆ ಕುಕ್ಕರಿಸಿದಳು. ಅತ್ತಾಳು ಎಂದು ನಾನು ಹತ್ತಿರ ಹೋದೆ. ಅವಳು ಹೊಸ್ತಿಲ ಮೇಲಿದ್ದ ಒದ್ದೆ ಮರಳನ್ನು ಬೆರಳಲ್ಲಿ ಒತ್ತಿ ತೆಗೆದು, ಹಳ್ಳಿಯ ಹೆಂಗಸರು ಸಾರಿನ ರುಚಿ ನೋಡುವ ಹಾಗೆ ನಾಲಗೆಗೆ ಮುಟ್ಟಿಸಿದಳು. "ಉಪ್ಪು," ಎಂದಳು. ಅಲ್ಲಿಂದ ಒದ್ದೆ ಹೆಜ್ಜೆಗಳು ಮೇಲಿನ ತಿರುವಿನ ಕಡೆಗೆ ಹೋಗಿದ್ದವು, ಮತ್ತೆ ಮತ್ತೆ ಹೋಗಿ ಬಂದಿದ್ದವು. ಅವಳು ಎದ್ದು ಆ ಹೆಜ್ಜೆಗಳ ಮೇಲೆಯೇ ಓಡಿದಳು.

ತಿರುವಿನಲ್ಲಿ ಬಿಳಿ ಇರಲಿಲ್ಲ. ದಾರಿ ಮುಂದಕ್ಕೆ ಹೋಗಿತ್ತು. ನಾವು ಒಬ್ಬರನ್ನೊಬ್ಬರು ಹಿಡಿದುಕೊಂಡು, ನಲವತ್ತು ವರ್ಷ ದಾಳ ಬೀಳದ ಆ ನೆತ್ತಿಯನ್ನು ಸುಮ್ಮನೆ ಕಾಲಲ್ಲಿ ನಡೆದು ಹತ್ತಿದೆವು.

ಸಮುದ್ರ. ನಮ್ಮಲ್ಲಿ ಯಾರೂ ಅದನ್ನು ಕಂಡವರಲ್ಲ. ನಮ್ಮೂರಿಂದ ಯಾವ ದಿಕ್ಕಿಗೆ ಹೊರಟರೂ ಬಸ್ಸು ಬದಲಿಸಿ ಬದಲಿಸಿ ಸಾಕಾಗಿ ಹೋಗುವಷ್ಟು ದೂರದಲ್ಲಿ ಎಲ್ಲೋ ಇದೆಯೆಂದು ಕೇಳಿದ್ದೆವು. ಅದು ಈಗ ಗುಡ್ಡದ ಆಚೆ ಬದಿಯ ಬುಡದಿಂದ ಶುರುವಾಗಿ ಕಣ್ಣು ಸೋಲುವವರೆಗೆ ಹಾಸಿತ್ತು. ದೂರದಲ್ಲಿ ಅದು ಅಲುಗದೆ ಮಲಗಿದಂತಿತ್ತು, ಹತ್ತಿರದಲ್ಲಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಒಂದೊಂದು ಅಲೆಯೂ ಬೇರೆ ಥರ ಎದ್ದು ಬೇರೆ ಥರ ಒಡೆಯುತ್ತಿತ್ತು. ಒಂದನ್ನಾದರೂ ಎರಡನೇ ಸಲ ನೋಡಿದೆ ಎನ್ನುವ ಹಾಗಿರಲಿಲ್ಲ. ಸಾಬರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಈ ಗುಡ್ಡದ ಒಂದೊಂದು ಕಲ್ಲನ್ನೂ ತಮ್ಮ ಬಾಯಿಂದ ಹೇಳಿದ್ದ ಶಾಕಾಂಬರಿ ಟೀಚರ್ ಮೆಲ್ಲಗೆ, "ನಾನು ಇದನ್ನ ಹೇಳಿಲ್ಲ," ಎಂದರು.

ಕೆಳಗೆ ಬಂದರಿನಲ್ಲಿ ಹಡಗುಗಳು ನಿಂತಿದ್ದವು. ಅವುಗಳ ಮೂತಿಯ ಮೇಲೆ ಹೆಸರು ಬರೆದಿತ್ತು. ಇನಾಸಪ್ಪ ಕಣ್ಣು ಕಿರಿದು ಮಾಡಿ ಓದಿದ, "ಗೋಬಿ ಮಂಚೂರಿ." ಪಕ್ಕದ್ದನ್ನು ಓದಿದ, "ಪಾನಿಪುರಿ." ಹೆಸರು ಹೊಳೆಯದಿದ್ದಾಗ ಮೇಜಿನ ಮೇಲಿರುವುದನ್ನು ನೋಡುವ ಚಾಳಿ ಜಗತ್ತಿನಲ್ಲಿ ನಮ್ಮನ್ನು ಬಿಟ್ಟರೆ ಯಾರಿಗಿದೆ.

"ನಮ್ಮ ಮಕ್ಕಳೇ ಕಣ್ರೀ," ಎಂದರು ಸಾಬರು. "ಹುಡುಗರು ಆಡ್ತಾ ಇದ್ದಾರೆ. ಬೇರೆ ಎಲ್ಲೋ ಕೂತು ಆಡ್ತಾ ಇದ್ದಾರೆ."

"ಎಲ್ಲಾ ಬೀದಿ ಗಾಡಿ ತಿಂಡಿ," ಎಂದ ಇನಾಸಪ್ಪ, ನೊಂದುಕೊಂಡು. ಅಷ್ಟರಲ್ಲಿ ಎರಡು ದೊಡ್ಡ ಹಡಗುಗಳ ಸಂದಿಯಿಂದ ಒಂದು ಪುಟ್ಟ ದೋಣಿ ಹೊರಗೆ ಬಂತು. ಅದರ ಹೆಸರು ಖಾರಾ ಬನ್. ಇನಾಸಪ್ಪ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ.

ಬಂದರಿನ ಕಟ್ಟೆಯ ಮೇಲೆ ಒಬ್ಬ ಮನುಷ್ಯ ಹಗ್ಗ ಸುತ್ತುತ್ತಿದ್ದ. ಮೀಸೆಯಿಂದಲೇ ಗುರುತು ಸಿಕ್ಕಿತು. ಅಷ್ಟು ಮೇಲಿನಿಂದಲೂ ಕಾಣುವ ಮೀಸೆ ಅದು. ಏಲಕ್ಕಿ ಇಳಿಜಾರಿನಲ್ಲಿ ಜಾರುತ್ತ, ಏಳುತ್ತ, ಅವರ ಮುಂದೆ ಹೋಗಿ ಏದುಸಿರು ಬಿಡುತ್ತ ನಿಂತಳು. ನಾನೂ ಹಿಂದೆಯೇ ಓಡಿದೆ. ಅವರು ನನ್ನನ್ನು ನೋಡಿ ಕಳ್ಳರ ಕಾಟದ ಪ್ರಶ್ನೆ ಕೇಳಲಿಲ್ಲ. ಮಗಳನ್ನು ಕಾಲಿಂದ ತಲೆಯವರೆಗೆ ನೋಡಿದರು.

"ಈ ಗಾಳೀಲಿ ತಲೆಗೆ ಒಂದು ಬಟ್ಟೆ ಕಟ್ಟಿಕೊಳ್ಳದೆ ಬಂದಿದ್ದೀಯಲ್ಲೇ," ಎಂದರು ಮಾವನವರು. "ನನಗಂತೂ ಬುದ್ಧಿಗೆ ಒಂದು ಬಿದ್ದಿತ್ತು. ನಿನಗೆ ದಾಳನೇ ಹಾಕಲಿಲ್ವಾ?"

ಏಲಕ್ಕಿ ಆ ಬೈಗುಳವನ್ನು ಹಿಂದೆಂದೂ ಕೇಳಿರಲಿಲ್ಲ. ಬಾಯಿ ತೆರೆದು ನಿಂತಳು. ಆಮೇಲೆ ನಕ್ಕಳು, ನಗುತ್ತ ಅಳತೊಡಗಿದಳು. "ಇನ್ನೊಂದು ಸಲ ಬೈಯಪ್ಪ," ಎಂದಳು.

"ಒಂದೇ ಬೈಗುಳ ಎರಡು ಸಲ ಬೈಯೋಕೆ ನನಗೇನು ಬೇರೆ ಕೆಲಸ ಇಲ್ವಾ? ಹಡಗು ಬರೋ ಹೊತ್ತು." ಅವರು ಕೋಡುಬಳೆಯ ಪೊಟ್ಟಣವನ್ನು, ಅಷ್ಟರಲ್ಲಿ ಇಳಿದು ಬಂದಿದ್ದ ಇನಾಸಪ್ಪನ ಕೈಯಿಂದ ಕಿತ್ತುಕೊಂಡರು. ಅವರ ಜೀವಮಾನದ ಎರಡನೇ ದರೋಡೆ. ಈ ಸಲ ಮಾಲು ಬೇರೆಯವರದಾಗಿತ್ತು.

ಆಗ ಬಂದರಿನ ಕಂಬದ ಮೇಲಿದ್ದ ಸ್ಪೀಕರು ಗರ್ ಎಂದಿತು. ಒಂದು ಸಣ್ಣ ಕೆಮ್ಮು ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ. ತಿಮಿಂಗಿಲವೊಂದು ದಾರಿಗೆ ಅಡ್ಡಲಾಗಿ ಮಲಗಿ ಏಳಲೊಪ್ಪದ ಕಾರಣ, ನಿಪ್ಪಟ್ಟು ಎಂಬ ಹಡಗು ತಡವಾಗಿ ಬರಲಿದೆ. ದಯವಿಟ್ಟು ಸಹಕರಿಸಿ."

ಅದು ನನ್ನ ದನಿ. ನನ್ನ ಬಾಯಿ ಮುಚ್ಚಿತ್ತು, ಆದರೆ ದನಿ ನನ್ನದೇ. "ದಯವಿಟ್ಟು" ಎನ್ನುವಾಗ ನಾನು ಎಳೆಯುವ ಅಷ್ಟೇ ಎಳೆತ, ಕೊನೆಗೆ ಮೈಕಿನಿಂದ ದೂರ ಸರಿಯುವ ಅದೇ ಅವಸರ. ಊರಿನಲ್ಲಿ, ಹೊಳೆ ಈಚೆ, ಒಂದು ತಾರಸಿಯ ಮೇಲೆ, ಹುಡುಗರ ನಡುವೆ ಕೂತು, ಮೂಗಿನ ತುದಿಗೆ ನಗು ತಂದುಕೊಂಡು ಈ ಮಾತನ್ನು ಈಗ, ಇದೇ ಗಳಿಗೆಯಲ್ಲಿ ಯಾರು ಆಡುತ್ತಿದ್ದಾರೆಂದು ನನಗೆ ತಿಳಿಯಿತು. ಇಪ್ಪತ್ತು ವರ್ಷ ಮೈಕಿನ ಮುಂದೆ ಕೂತ ನಾನು ತಿಮಿಂಗಿಲದ ಮಾತು ಒಮ್ಮೆಯೂ ಆಡಿರಲಿಲ್ಲ. ಆಡಬಹುದಿತ್ತೆಂದು ನನಗೆ ಹೊಳೆದೇ ಇರಲಿಲ್ಲ.

"ಗಮನಕ್ಕೆ ಅನ್ನೋ ಮುಂಚೆ ನಾನು ಹಾಗೆ ಕೆಮ್ತೀನಾ?" ಎಂದು ಕೇಳಿದೆ.

"ಮದುವೆ ಆದಾಗಿಂದ ಕೆಮ್ತಾನೇ ಇದ್ದೀರಿ," ಎಂದಳು ಏಲಕ್ಕಿ, ಕಣ್ಣೊರೆಸಿಕೊಳ್ಳುತ್ತ. ಆಗ ನಾನು ಧೈರ್ಯ ಮಾಡಿ ನೆಲ ನೋಡಿದೆ. ಅವಳ ನೆರಳು ಮರಳಿನ ಮೇಲೆ ಕಪ್ಪಗೆ, ಗಟ್ಟಿಯಾಗಿ ಬಿದ್ದಿತ್ತು. ಅಲೆಯೊಂದು ಬಂದು ಅದನ್ನು ತೊಳೆಯಲು ನೋಡಿ, ಆಗದೆ ಹಿಂದೆ ಹೋಯಿತು.

ಟೀಚರ್, ಸಾಬರು, ಇನಾಸಪ್ಪ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ನಾವಿಬ್ಬರೂ ಅವರ ಪಕ್ಕದಲ್ಲಿ ಕೂತೆವು. ಮಾವನವರು ಎಲ್ಲರಿಗೂ ಒಂದೊಂದು ಕೋಡುಬಳೆ ಹಂಚಿದರು. ಹಡಗು ತಡವಾಗಿ ಬರುವುದಿತ್ತು. ನಾವು ಸಹಕರಿಸಿದೆವು.